ಎಡಚಕ್ರದ ಕೆಳಬೋಲ್ಟಿನವರ ಸನ್ನಿಧಾನಕ್ಕೆ

ಮಾನ್ಯರೇ,

ಪತ್ರದ ಮೊದಲ ಸಾಲಿನಲ್ಲಿ ಕ್ಷೇಮ ವಿಚಾರಿಸುವುದು ನಾನು ಕಲಿತ ಪದ್ಧತಿ. ಆದರೆ ಹನ್ನೆರಡು ವರ್ಷಗಳ ಮಳೆ, ಕೆಸರು, ಧೂಳು, ಬೀದಿನಾಯಿಗಳ ವಿಶೇಷ ಕೃಪೆ ಇಷ್ಟನ್ನೂ ಅರಗಿಸಿಕೊಂಡು, ಕೂತ ಜಾಗದಿಂದ ಕೂದಲೆಳೆಯಷ್ಟೂ ಕದಲದ ತಮ್ಮಂಥವರ ಆರೋಗ್ಯ ವಿಚಾರಿಸುವುದು ಅಧಿಕಪ್ರಸಂಗವಾದೀತು. ನನ್ನ ಕ್ಷೇಮವನ್ನು ತಾವು ಕೇಳಿಲ್ಲ. ಕೇಳಿದ್ದರೆ, ಬಲಗೈಯ ಮೂರು ಗೆಣ್ಣುಗಳ ಸಿಪ್ಪೆ ಹೋಗಿದೆ, ಎಡಮಂಡಿ ಮಡಚಿದರೆ ಬಿಚ್ಚುವುದಿಲ್ಲ, ಬಿಚ್ಚಿದರೆ ಮಡಚುವುದಿಲ್ಲ, ಉಳಿದಂತೆ ತಮ್ಮ ಆಶೀರ್ವಾದದಿಂದ ಚೆನ್ನಾಗಿದ್ದೇನೆ ಎಂದು ಅರಿಕೆ ಮಾಡಿಕೊಳ್ಳುತ್ತಿದ್ದೆ.

ನಮ್ಮಿಬ್ಬರ ಪರಿಚಯ ಬಹಳ ಹತ್ತಿರದ್ದಾದರೂ ಔಪಚಾರಿಕವಾಗಿ ಆಗಿಲ್ಲ. ತಾವು ನಮ್ಮ ಹಳೆಯ ಪುಟ್ಟ ಕಾರಿನ ಮುಂದಿನ ಎಡಚಕ್ರದ ಹಿಂದೆ, ಬ್ರೇಕನ್ನು ಹಿಡಿದು ನಿಲ್ಲಿಸುವ ಕಬ್ಬಿಣದ ಚೌಕಟ್ಟಿಗೆ ಬಿಗಿದ ಎರಡು ಬೋಲ್ಟುಗಳಲ್ಲಿ ಕೆಳಗಿನವರು. ನಾನು ಒಂದು ಮುದ್ರಣಾಲಯದಲ್ಲಿ ಮೂವತ್ತೊಂದು ವರ್ಷಗಳಿಂದ ಕರಡು ತಿದ್ದುವವನು. ಇನ್ನೊಬ್ಬರು ಬರೆದದ್ದರಲ್ಲಿ ತಪ್ಪು ಹುಡುಕಿ ಹೊಟ್ಟೆ ಹೊರೆಯುವವನು ಎಂದರೂ ನಡೆಯುತ್ತದೆ. ನನ್ನಾಕೆ ಹಾಗೆಯೇ ಹೇಳುವುದು. ಆಕೆ ಅಂಗಮರ್ದನ, ವ್ಯಾಯಾಮಗಳಿಂದ ನೋವು ನಿವಾರಿಸುವ ಫಿಸಿಯೋಥೆರಪಿ ಕಸುಬಿನವಳು. ಹೆಗಲು ಹಿಡಿದುಕೊಂಡವರು, ಸೊಂಟ ಉಳುಕಿದವರು, ಬಿದ್ದು ಎದ್ದವರು ಇವರ ಮನೆಮನೆಗೆ ಮಡಚುವ ಮಂಚವೊಂದನ್ನು ಕಾರಿನಲ್ಲಿ ಹಾಕಿಕೊಂಡು ಹೋಗುತ್ತಾಳೆ. ಆದ್ದರಿಂದ ಕಾರು ಹೆಸರಿಗೆ ನನ್ನದು, ಕೆಲಸಕ್ಕೆ ಅವಳದು.

ಎರಡು ತಿಂಗಳಿಂದ ಬ್ರೇಕು ಒತ್ತಿದಾಗಲೆಲ್ಲ ಎಡಚಕ್ರ ಕಿರ್ರೆಂದು ಕಿರುಚುತ್ತಿತ್ತು. ರೋಗಿಗಳು ಆ ಸದ್ದು ಕೇಳಿಯೇ ಬಾಗಿಲು ತೆರೆಯುತ್ತಿದ್ದರೆಂದು ನನ್ನಾಕೆ ಹೇಳುತ್ತಿದ್ದಳು. "ರೀ, ಪುಟ್ಟಿ ಹತ್ರ ತಗೊಂಡು ಹೋಗಿ ತೋರಿಸ್ರೀ" ಎಂದು ಅವಳು ಹೇಳಿದಾಗಲೆಲ್ಲ ನಾನು ಕೈಯಲ್ಲಿದ್ದ ಕರಡಿನಲ್ಲಿ ಇಲ್ಲದ ತಪ್ಪು ಹುಡುಕತೊಡಗುತ್ತಿದ್ದೆ.

ಮಾನ್ಯರೇ, ಇಲ್ಲಿ ಒಂದು ಮನೆಯೊಳಗಿನ ವಿಷಯವನ್ನು ತಮ್ಮಲ್ಲಿ ಹೇಳಿಕೊಳ್ಳಬೇಕಾಗಿದೆ. ಯಾರಿಗೂ ಬಾಯಿ ಬಿಡುವವರಲ್ಲವೆಂದು ತಮ್ಮ ಮೇಲೆ ನನಗೆ ಭರವಸೆ ಇದೆ. ಪುಟ್ಟಿ ಎಂದರೆ ನಮ್ಮ ಒಬ್ಬಳೇ ಮಗಳು. ಇಪ್ಪತ್ತೆರಡು ವರ್ಷ. ಭಾಷಾಶಾಸ್ತ್ರ ಓದಲಿ, ಒಳ್ಳೆಯ ನಿಘಂಟುಕಾರ್ತಿಯಾಗಲಿ ಎಂದು ನಾನು ಕನಸು ಕಂಡಿದ್ದೆ. ಎರಡನೆಯ ವರ್ಷದ ನಡುವೆ ಒಂದು ದಿನ ಅವಳು ಮನೆಗೆ ಬಂದು, ಕಾಲೇಜು ಬಿಟ್ಟಿದ್ದೇನೆ, ಪಟ್ಟಣದ ಆ ತುದಿಯಲ್ಲಿ ಎಲ್ಲರೂ ದೊಡ್ಡಕ್ಕ ಎಂದು ಕರೆಯುವ ಹೆಂಗಸು ನಡೆಸುವ ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದೇನೆ ಎಂದಳು. ಸೇರಿ ಆಗಲೇ ಒಂದು ತಿಂಗಳಾಗಿತ್ತಂತೆ. ಉಗುರುಗಳ ಸಂದಿಯಲ್ಲಿ ಕಪ್ಪು ಇತ್ತು, ಮುಖದಲ್ಲಿ ನಾನು ಹಿಂದೆಂದೂ ಕಂಡಿರದ ಖುಷಿ ಇತ್ತು. ನಾನು ಕಪ್ಪನ್ನು ಮಾತ್ರ ನೋಡಿದೆ. "ಆ ಗ್ರೀಸ್ ಕೈಯಲ್ಲಿ ನನ್ನ ಪುಸ್ತಕ ಮುಟ್ಟಬೇಡ" ಎಂದೆ. ಸಾವಿರಾರು ಪುಟಗಳಲ್ಲಿ ಬೇಡದ ವಾಕ್ಯಗಳನ್ನು ಹೊಡೆದುಹಾಕಿದ ನನಗೆ ಆ ಒಂದು ವಾಕ್ಯವನ್ನು ಹೊಡೆದುಹಾಕಲು ಆಗಲಿಲ್ಲ.

ಆ ವಾರವೇ ಅವಳು ಗ್ಯಾರೇಜಿನ ಹತ್ತಿರ ಗೆಳತಿಯೊಬ್ಬಳ ಜೊತೆ ಕೋಣೆ ಹಿಡಿದಳು. ಹದಿನಾಲ್ಕು ತಿಂಗಳಾಯಿತು. ಬುಧವಾರ ಬುಧವಾರ, ನಾನು ಮುದ್ರಣಾಲಯದಲ್ಲಿರುವ ಹೊತ್ತು ನೋಡಿಕೊಂಡು ತಾಯಿಯನ್ನು ಕಂಡುಹೋಗುತ್ತಾಳೆ. ಅದು ನನಗೆ ಗೊತ್ತಿಲ್ಲವೆಂದು ಅವರಿಬ್ಬರೂ ಅಂದುಕೊಂಡಿದ್ದಾರೆ. ಆದರೆ ಬುಧವಾರ ಸಂಜೆ ನನ್ನ ಕಪಾಟಿನಲ್ಲಿ ಒಂದಲ್ಲ ಒಂದು ಪುಸ್ತಕ ಅರ್ಧ ಬೆರಳಷ್ಟು ಹೊರಗೆ ಬಂದಿರುತ್ತದೆ. ನಾನು ಅದನ್ನು ತೆಗೆದು, ಕಸುಬಿನ ಕಣ್ಣಿನಿಂದ ಪುಟಪುಟವಾಗಿ ಹುಡುಕಿದ್ದೇನೆ. ಒಂದೇ ಒಂದು ಗ್ರೀಸ್ ಕಲೆ ಈವರೆಗೆ ಸಿಕ್ಕಿಲ್ಲ.

ಹೀಗಿರುವಾಗ ಕಾರನ್ನು ಆ ಗ್ಯಾರೇಜಿಗೆ ಒಯ್ಯುವುದು ಹೇಗೆ? ಬೇರೆ ಗ್ಯಾರೇಜಿಗೆ ಒಯ್ದರೆ ಮನೆಯಲ್ಲಿ ಅನ್ನ ನೀರು ಸಿಗದು. ಆಗ ಎದುರುಮನೆಯ ನಿವೃತ್ತ ಪೋಸ್ಟ್‌ಮಾಸ್ಟರರು ತಮ್ಮ ಬಳಿಯಿದ್ದ ಕಾರು ರಿಪೇರಿಯ ಕೈಪಿಡಿಯೊಂದನ್ನು ತಂದುಕೊಟ್ಟರು. ಅದರಲ್ಲಿ ಬ್ರೇಕಿನ ಉಕ್ಕಿನ ತಟ್ಟೆ ಬದಲಿಸುವ ವಿಧಾನ ಒಂದೂವರೆ ಪುಟದಲ್ಲಿತ್ತು. ಚಕ್ರ ಬಿಚ್ಚಿ, ಎರಡು ಬೋಲ್ಟು ಬಿಚ್ಚಿ, ಹಳೆಯ ತಟ್ಟೆ ತೆಗೆದು, ಹೊಸ ತಟ್ಟೆ ಹಾಕಿ ಎಂದು ಬರೆದಿತ್ತು. ಒಂದೂವರೆ ಪುಟದಲ್ಲಿ ಏಳು ಕಾಗುಣಿತದ ತಪ್ಪುಗಳಿದ್ದವು, ತಿದ್ದಿದೆ. "ಬೋಲ್ಟು ಬಿಚ್ಚಿ" ಎಂಬ ಎರಡು ಪದಗಳಲ್ಲಿ ಯಾವ ತಪ್ಪೂ ನನ್ನ ಕಣ್ಣಿಗೆ ಬೀಳಲಿಲ್ಲ. ಅಲ್ಲಿ ತಮ್ಮನ್ನು ನಾನು ಲಘುವಾಗಿ ಪರಿಗಣಿಸಿದೆ, ಕ್ಷಮೆ ಇರಲಿ.

ಕಳೆದ ಭಾನುವಾರಕ್ಕೆ ಹಿಂದಿನ ಭಾನುವಾರ ಬೆಳಗ್ಗೆ ಕೆಲಸ ಶುರುವಾಯಿತು. ಜಾಕ್ ಹಾಕಿ ಕಾರನ್ನು ಎತ್ತಿದೆ. ಜಾಕ್ ಒಂದನ್ನೇ ನಂಬಬಾರದು, ಭದ್ರವಾದ ಆಸರೆ ಕೊಡಬೇಕು ಎಂದು ಕೈಪಿಡಿ ಹೇಳಿತ್ತು. ಮನೆಯಲ್ಲಿ ಇದ್ದ ಅತ್ಯಂತ ಭದ್ರವಾದ ವಸ್ತುವೆಂದರೆ ನಮ್ಮ ಮುದ್ರಣಾಲಯ ಪ್ರಕಟಿಸಿದ, ಪ್ರತಿಯೊಂದೂ ಎಂಟುನೂರು ಪುಟದ, ರಟ್ಟಿನ ಕಟ್ಟಿನ ಆರು ವಿಮರ್ಶಾ ಸಂಪುಟಗಳು. ಇಷ್ಟು ವರ್ಷ ಯಾರೂ ಎತ್ತದ ಆ ಸಂಪುಟಗಳು ಅಂದು ಕಾರನ್ನೇ ಎತ್ತಿ ಹಿಡಿದವು. ಚಕ್ರ ಬಿಚ್ಚಿದೆ. ತಮ್ಮ ದರ್ಶನವಾಯಿತು. ದರ್ಶನವೆಂದರೆ ಪೂರ್ತಿ ಅಲ್ಲ. ತಾವು ಒಳಮುಖವಾಗಿ ಕೂತಿದ್ದಿರಿ, ನಾನು ಹೊರಗೆ ಕುಕ್ಕರುಗಾಲಲ್ಲಿ ಕೂತು, ತಟ್ಟೆಯ ಹಿಂದಕ್ಕೆ ಕೈ ಹಾಕಿ, ಬೆರಳುಗಳಿಂದಲೇ ತಮ್ಮ ಆರು ಮೂಲೆಗಳನ್ನು ತಡವಿ ನೋಡಿದೆ. ತುಕ್ಕು ಬೆರಳಿಗೆ ಮೆತ್ತಿತು. ಸ್ಪ್ಯಾನರ್ ಸಿಕ್ಕಿಸಿ ಎಡಕ್ಕೆ ಎಳೆದೆ.

ತಾವು ಕ್ಯಾರೇ ಅನ್ನಲಿಲ್ಲ.

ಹಲ್ಲು ಕಚ್ಚಿ ಎಳೆದೆ. ಕಾಲು ಕೊಟ್ಟು ತಳ್ಳಿದೆ. ಬೆನ್ನು ನೆಲಕ್ಕೆ ಹಚ್ಚಿ ಮಲಗಿ, ತಲೆಯನ್ನು ಕಾರಿನಡಿಗೆ ತೂರಿಸಿ, ಮೇಲಿನಿಂದ ಉದುರುವ ಮಣ್ಣನ್ನು ಕಣ್ಣು ಬಾಯಿಗಳಲ್ಲಿ ಭಕ್ತಿಯಿಂದ ಸ್ವೀಕರಿಸುತ್ತ ಎಳೆದೆ. ಪೋಸ್ಟ್‌ಮಾಸ್ಟರರು ತಮ್ಮ ಕುರ್ಚಿಯನ್ನು ರಸ್ತೆ ದಾಟಿಸಿ ನಮ್ಮ ಗೇಟಿನ ಬಳಿ ಹಾಕಿಕೊಂಡು, "ಸ್ಪ್ಯಾನರ್ ಹಿಡಿಗೆ ಒಂದು ಪೈಪ್ ತೂರಿಸಿ ಸಾರ್, ಉದ್ದ ಆದಷ್ಟೂ ಬಲ" ಎಂದು ಸಲಹೆ ಕೊಟ್ಟದ್ದಲ್ಲದೆ, ತಮ್ಮ ಮನೆಯ ಹಿತ್ತಲಿನಿಂದ ಮಾರುದ್ದದ ಕಬ್ಬಿಣದ ಪೈಪೊಂದನ್ನೂ ದಯಪಾಲಿಸಿದರು. ಪೈಪು ತೂರಿಸಿ ಮೈಭಾರವನ್ನೆಲ್ಲ ಹಾಕಿದೆ. ಸ್ಪ್ಯಾನರ್ ಜಾರಿತು, ನನ್ನ ಗೆಣ್ಣುಗಳು ತಟ್ಟೆಯ ಅಂಚಿಗೆ ಬಡಿದವು. ಆಗ ನನ್ನ ಬಾಯಿಂದ ಬಂದ ಶಬ್ದಗಳು ಯಾವ ನಿಘಂಟಿನಲ್ಲೂ ಇಲ್ಲ. ಆಮೇಲೆ ತಿಳಿದದ್ದೇನೆಂದರೆ, ತಮ್ಮ ಅಳತೆ ಹದಿನೇಳು, ನಾನು ಹಾಕಿದ್ದು ಹದಿನೆಂಟರ ಸ್ಪ್ಯಾನರ್. ತಮ್ಮ ಮೂಲೆಗಳು ಸವೆಯತೊಡಗಿದ್ದವು. ತಾವು ದೂರಲಿಲ್ಲ. ಅಂಥ ಸಹನೆ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಸೋಮವಾರ ಸಂಜೆ ಕೆಲಸ ಬಿಟ್ಟು ಬಂದು, ಈ ಬಾರಿ ಹದಿನೇಳರ ಸ್ಪ್ಯಾನರನ್ನೇ ಹಾಕಿ, ಮತ್ತೆ ಪ್ರಯತ್ನಿಸಿದೆ. ಜಪ್ಪಯ್ಯ ಅಂದರೂ ತಾವು ಅಲುಗಲಿಲ್ಲ. ಅಲುಗಲಿಲ್ಲ ಎಂದರೆ ಅಪಚಾರವಾದೀತು; ಒಂದು ಸಲ ಕೂದಲಷ್ಟು ತಿರುಗಿದಂತೆ ನನಗೆ ಅನಿಸಿತು, ಖುಷಿಯಿಂದ ಕೂಗಿದೆ, ಪೋಸ್ಟ್‌ಮಾಸ್ಟರರು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ನಿಜವಾದ ಅರ್ಥ ಮುಂದೆ ತಿಳಿಯಲಿದೆ.

ನನ್ನಾಕೆ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು, "ನನ್ನ ಹತ್ರ ಬರೋ ಹೆಗಲುಗಳೂ ಹೀಗೇನೇ ರೀ. ರೋಷದಿಂದ ಎಳೆದ್ರೆ ಇನ್ನೂ ಬಿಗ್ಕೋತವೆ" ಎಂದಳು. ಇದು ಹೆಗಲಲ್ಲ, ಉಕ್ಕು ಎಂದೆ. "ಗೊತ್ತು, ನಾನು ಬೋಲ್ಟಿನ ಬಗ್ಗೆ ಮಾತಾಡ್ತಿಲ್ಲ" ಎಂದು ಒಳಗೆ ಹೋದಳು.

ಕಾರು ಮೂರು ಚಕ್ರ, ಆರು ಸಂಪುಟಗಳ ಮೇಲೆ ನಿಂತೇ ಉಳಿಯಿತು. ನನ್ನಾಕೆ ಮಡಚುವ ಮಂಚವನ್ನು ಹೆಗಲಿಗೆ ನೇತುಹಾಕಿಕೊಂಡು ಬಸ್ಸಿನಲ್ಲಿ ಓಡಾಡತೊಡಗಿದಳು. ದೂರದ ಇಬ್ಬರು ರೋಗಿಗಳಿಗೆ ಬರಲಾಗದೆಂದು ಹೇಳಿಕಳಿಸಿದಳು. ಅವರಲ್ಲಿ ಒಬ್ಬರು, ಲಕ್ವ ಹೊಡೆದ ಮುದುಕರು, ಅವಳ ಕೈ ಹಿಡಿದುಕೊಂಡು ಆಗಷ್ಟೇ ಹತ್ತು ಹೆಜ್ಜೆ ನಡೆಯಲು ಕಲಿತಿದ್ದರು. ಗುರುವಾರ ಸಂಜೆ ನನ್ನಾಕೆ ಬಸ್ಸಿನ ಮೆಟ್ಟಿಲಲ್ಲಿ ಮಂಚ ಸಿಕ್ಕಿಕೊಂಡು ಮುಗ್ಗರಿಸಿ ಬಿದ್ದಳು. ಮಂಡಿ ಊದಿಕೊಂಡಿತ್ತು, ಅಂಗೈ ತರಚಿತ್ತು. ಇನ್ನೊಬ್ಬರ ಮಂಡಿಗಳನ್ನು ದಿನಕ್ಕೆ ಎಂಟು ಸಲ ಮಡಚಿ ಬಿಚ್ಚಿಸುವವಳು ಸೋಫಾದ ಮೇಲೆ ಕಾಲು ಚಾಚಿ ಕೂತು ತನ್ನ ಮಂಡಿಗೆ ತಾನೇ ಮಂಜುಗಡ್ಡೆ ಹಿಡಿದುಕೊಂಡಿದ್ದಳು. ಬೈದಿದ್ದರೆ ಒಳ್ಳೆಯದಿತ್ತು. "ಆ ಮುದುಕರು ಇವತ್ತು ಫೋನ್ ಮಾಡಿದ್ರು. ನಾಲ್ಕು ಹೆಜ್ಜೆಗೆ ಇಳಿದಿದ್ದಾರಂತೆ" ಎಂದಳು, ಅಷ್ಟೇ.

ಶುಕ್ರವಾರ ಮಧ್ಯಾಹ್ನ ನಾನು ಮುದ್ರಣಾಲಯದಿಂದ ಫೋನ್ ಮಾಡಿದೆ. ಮಗಳ ಸಂಖ್ಯೆಗಲ್ಲ, ಗ್ಯಾರೇಜಿನ ಸಂಖ್ಯೆಗೆ. ದೊಡ್ಡಕ್ಕ ಎತ್ತುತ್ತಾರೆ, ಒಬ್ಬ ಸಾಮಾನ್ಯ ಗಿರಾಕಿಯಂತೆ ಮಾತಾಡಿ ಮುಗಿಸುತ್ತೇನೆ ಎಂಬ ಹಂಚಿಕೆ ಹಾಕಿದ್ದೆ. ಎತ್ತಿದವಳು ಮಗಳೇ.

"ಹಲೋ, ಗ್ಯಾರೇಜು."

ನಾನು ಗಂಟಲು ಸರಿಮಾಡಿಕೊಂಡು, "ಒಂದು ಬೋಲ್ಟು ಹಿಡಿದುಕೊಂಡಿದೆ" ಎಂದೆ.

ಆ ಕಡೆ ಯಾವುದೋ ಯಂತ್ರ ತಿರುಗುತ್ತಿದ್ದುದು ನಿಂತಿತು. "ಯಾವ ಗಾಡಿ?"

"ನಮ್ಮದೇ."

"ಎಷ್ಟು ದಿನ ಆಯ್ತು?"

"ಐದು ದಿನ."

"ಐದು ದಿನ ಆದ್ಮೇಲಾ ಫೋನ್ ಮಾಡೋದು?" ಎಂದವಳು, "ಭಾನುವಾರ ಬರ್ತೀನಿ. ಅಲ್ಲೀವರೆಗೂ ನೀವು ಮುಟ್ಟಬೇಡಿ" ಎಂದಳು. ಮಾನ್ಯರೇ, ಚಿಕ್ಕಂದಿನಿಂದ ನನ್ನನ್ನು "ನೀನು" ಎನ್ನುತ್ತಿದ್ದ ಮಗಳು ಆ ಗ್ರೀಸಿನ ಮಾತಾದ ದಿನದಿಂದ "ನೀವು" ಎನ್ನತೊಡಗಿದ್ದಳು. ಬಹುವಚನದಲ್ಲಿ ಗೌರವವಿದೆ ಎಂದು ನಾನು ಎಷ್ಟೋ ಪಠ್ಯಪುಸ್ತಕಗಳಲ್ಲಿ ತಿದ್ದಿ ಬರೆದಿದ್ದೇನೆ. ಅದರಲ್ಲಿ ಇನ್ನೂ ಏನೇನು ಇರಬಲ್ಲದೆಂಬುದು ಪಠ್ಯಪುಸ್ತಕಕ್ಕೆ ಗೊತ್ತಿಲ್ಲ.

ಭಾನುವಾರ ಒಂಬತ್ತಕ್ಕೆ ಅವಳ ಸ್ಕೂಟರ್ ಗೇಟಿನ ಮುಂದೆ ನಿಂತಿತು. ನೀಲಿ ಮೇಲಂಗಿ, ಕೂದಲಿಗೆ ಬಟ್ಟೆ, ಹಿಂದಿನ ಸೀಟಿಗೆ ಕಟ್ಟಿದ ಕಬ್ಬಿಣದ ಪೆಟ್ಟಿಗೆ. ತೋಳುಗಳು ಗಟ್ಟಿಯಾಗಿದ್ದವು. ಏನು ಮಾತಾಡಬೇಕೆಂದು ನಾನು ಹಿಂದಿನ ದಿನವೇ ಮನಸ್ಸಿನಲ್ಲಿ ಮೂರು ಕರಡು ಬರೆದು ತಿದ್ದಿಟ್ಟುಕೊಂಡಿದ್ದೆ. ಬಾಯಿಗೆ ಬಂದದ್ದು "ಟ್ರಾಫಿಕ್ ಇತ್ತಾ?" ಎಂಬ ಪ್ರಶ್ನೆ. "ಭಾನುವಾರ ಅಲ್ವಾ, ಇಲ್ಲ" ಎಂದು ಅವಳು ಕಾರಿನ ಹತ್ತಿರ ಹೋಗಿ ಬಗ್ಗಿದಳು. ಬಗ್ಗಿದವಳು ಹಾಗೆಯೇ ನಿಂತಳು. ಓರೆಯಾಗಿದ್ದ ಜಾಕನ್ನು ನೋಡಿದಳು. ಅದರ ಪಕ್ಕದ ಸಂಪುಟಗಳನ್ನು ನೋಡಿದಳು; ವಾರದ ಇಬ್ಬನಿಗೆ ರಟ್ಟು ಮೆತ್ತಗಾಗಿ, ಮೇಲಿನ ಎರಡು ಸಂಪುಟಗಳು ಒಂದು ಬದಿಗೆ ಜಾರಿದ್ದವು. ಆಮೇಲೆ ನೆಲದ ಮೇಲೆ ನನ್ನ ಬೆನ್ನು ಒತ್ತಿ ಮೂಡಿದ್ದ ಗುರುತನ್ನು ನೋಡಿದಳು.

"ಇದರ ಕೆಳಗೆ ಮಲಗಿದ್ಯಾ ನೀನು?"

ನಾನು ಆ ಗುರುತನ್ನು ಚಪ್ಪಲಿಯಿಂದ ಅಳಿಸತೊಡಗಿದೆ.

"ಅಪ್ಪಾ, ಇದರ ಕೆಳಗೆ ತಲೆ ಇಟ್ಟಿದ್ಯಾ? ಪುಸ್ತಕದ ಮೇಲೆ ಕಾರು ನಿಲ್ಸಿ? ಏನಾದ್ರೂ ಆಗಿದ್ರೆ? ಜಾರಿದ್ರೆ? ನಿಂಗೇನು ಬುದ್ಧಿ ಇಲ್ವಾ?" ಪೋಸ್ಟ್‌ಮಾಸ್ಟರರ ಕುರ್ಚಿಯವರೆಗೆ ಕೇಳುವಂತೆ ಕೂಗಿದಳು. ಕೂಗುತ್ತ ಕೂಗುತ್ತ ಅವಳ ದನಿ ಒಡೆಯಿತು. ತಿರುಗಿ ಪೆಟ್ಟಿಗೆಯ ಹಗ್ಗ ಬಿಚ್ಚತೊಡಗಿದಳು, ಗಂಟು ಸಿಗುತ್ತಿರಲಿಲ್ಲ. ನಾನು ಹೋಗಿ ಬಿಚ್ಚಿಕೊಟ್ಟೆ. ಅಷ್ಟು ಬೈಗುಳ ತಿಂದ ಗಂಡಸು ಅಷ್ಟು ಸಂತೋಷಪಟ್ಟದ್ದನ್ನು ಪೋಸ್ಟ್‌ಮಾಸ್ಟರರು ತಮ್ಮ ಜೀವಮಾನದಲ್ಲಿ ಕಂಡಿರಲಾರರು. ಅವರಿಗೆ ಬೈಗುಳವಷ್ಟೇ ಕೇಳಿಸಿತ್ತು. ನನಗೆ ಹದಿನಾಲ್ಕು ತಿಂಗಳ ಮೇಲೆ ಏಕವಚನ ಕೇಳಿಸಿತ್ತು.

ಅವಳು ಕಬ್ಬಿಣದ ಮುಕ್ಕಾಲಿಯೊಂದನ್ನು ತಂದು ಕಾರಿನಡಿಗೆ ಇಟ್ಟು, ಸಂಪುಟಗಳನ್ನು ಒಂದೊಂದಾಗಿ ಹೊರಗೆಳೆದು, ಒರೆಸಿ, ಜಗಲಿಯ ಮೇಲೆ ಸಾಲಾಗಿ ಒಣಗಲು ಇಟ್ಟಳು. ಆಮೇಲೆ ಸ್ಟೀರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿದಳು. ಎರಡು ದಿನ ನಾನು ಬೆರಳಲ್ಲಿ ತಡಕಾಡಿದ್ದ ತಾವು ಇಡೀ ಮುಖ ತೋರಿಸಿ ಹೊರಗೆ ಬಂದಿರಿ. ಇಷ್ಟು ಸುಲಭದ ಉಪಾಯ ಕೈಪಿಡಿಯಲ್ಲೂ ಇರಲಿಲ್ಲ, ನನ್ನ ತಲೆಯಲ್ಲೂ ಇರಲಿಲ್ಲ. ಅವಳು ತಂತಿ ಬ್ರಷ್ಷಿನಿಂದ ತುಕ್ಕು ಉಜ್ಜಿ, ತಮ್ಮ ಮೂಲೆಗಳನ್ನು ಬಹಳ ಹೊತ್ತು ದಿಟ್ಟಿಸಿದಳು.

"ಯಾವ ಕಡೆ ತಿರುಗಿಸ್ದೆ ಅಪ್ಪಾ?"

"ಎಡಕ್ಕೆ. ಬಿಚ್ಚೋದು ಎಡಕ್ಕೇ ಅಲ್ವಾ?"

"ಬೋಲ್ಟಿನ ತಲೆ ಯಾವ ಕಡೆ ನೋಡ್ತಿದೆ?"

"ಒಳಗಡೆ."

"ನೀನು ಎಲ್ಲಿ ಕೂತಿದ್ದೆ?"

"ಹೊರಗಡೆ" ಎಂದೆ. ಎಂದಮೇಲೆ ಹೊಳೆಯಿತು. ಗಡಿಯಾರವನ್ನು ಹಿಂದಿನಿಂದ ನೋಡಿದರೆ ಮುಳ್ಳು ಉಲ್ಟಾ ತಿರುಗುತ್ತದೆ. ನನ್ನ ಎಡ ತಮ್ಮ ಬಲವಾಗಿತ್ತು. ಮಾರುದ್ದದ ಪೈಪು ಹಾಕಿ, ಗೆಣ್ಣು ಒಡೆದುಕೊಂಡು, ಎರಡು ದಿನ ನಾನು ತಮ್ಮನ್ನು ಬಿಗಿಮಾಡಿದ್ದೆ. ಪೋಸ್ಟ್‌ಮಾಸ್ಟರರು ಚಪ್ಪಾಳೆ ತಟ್ಟಿದ್ದು ಅದಕ್ಕೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಸೀಸದ ಅಚ್ಚುಮೊಳೆಗಳ ಕಾಲದಲ್ಲಿ, ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಇರುವ ಅಕ್ಷರಗಳನ್ನು ಸರಸರ ಓದಿ ಭೇಷ್ ಅನ್ನಿಸಿಕೊಂಡವನು ನಾನು. ಮೊಳೆ ಓದಲು ಬಂದವನಿಗೆ ಬೋಲ್ಟು ಓದಲು ಬರಲಿಲ್ಲ.

ನಗುತ್ತಾಳೆಂದು ತಲೆ ತಗ್ಗಿಸಿ ಕಾದೆ. ಅವಳು ತಮ್ಮ ಮೂಲೆಗೆ ಬೆರಳು ಹಚ್ಚಿ, "ನೋಡಿಲ್ಲಿ, ಉಲ್ಟಾ ತಿರುಗಿಸಿದ್ದೇ ಒಳ್ಳೇದಾಯ್ತು. ಬಿಗಿ ಮಾಡೋ ಕಡೆ ಅಂಚು ಮಾತ್ರ ಸವೆದಿದೆ. ಬಿಚ್ಚೋ ಕಡೆದು ಹೊಸದರ ಹಾಗಿದೆ. ಸರಿಯಾಗಿ ತಿರುಗಿಸಿದ್ರೆ ಇಷ್ಟು ಹೊತ್ತಿಗೆ ಪೂರ್ತಿ ಗುಂಡಗಾಗಿರ್ತಿತ್ತು" ಎಂದಳು. ಮೂವತ್ತೊಂದು ವರ್ಷ ಇನ್ನೊಬ್ಬರ ತಪ್ಪುಗಳನ್ನು ಹಿಡಿದ ನಾನು ಒಬ್ಬರ ತಪ್ಪಿನಲ್ಲೂ ಇಂಥದ್ದೊಂದು ಒಳಿತನ್ನು ಹುಡುಕಿ ಹೇಳಿದ ನೆನಪಿಲ್ಲ. ಆಮೇಲೆ ಮಾತ್ರ ಅವಳು ನಕ್ಕಳು. ಸೋಫಾದಿಂದ ಕುಂಟುತ್ತ ಬಂದ ನನ್ನಾಕೆಯೂ ನಕ್ಕಳು. ಪೋಸ್ಟ್‌ಮಾಸ್ಟರರು ಪೈಪನ್ನು ಸದ್ದಿಲ್ಲದೆ ಎತ್ತಿಕೊಂಡು ರಸ್ತೆ ದಾಟಿದರು.

ಮಾನ್ಯರೇ, ಆಮೇಲೆ ತಮಗೆ ನಡೆದ ಉಪಚಾರವನ್ನು ತಾವು ಮರೆತಿರಲಾರಿರಿ. ಮಗಳು ಬ್ರೇಕಿನ ಭಾಗವನ್ನು ಬಿಡಿಸಿ, ತಂತಿಯಿಂದ ಕಟ್ಟಿ ದೂರಕ್ಕೆ ತೂಗುಹಾಕಿದಳು. ಸಣ್ಣ ಗ್ಯಾಸ್ ಟಾರ್ಚಿನ ನೀಲಿ ಉರಿಯನ್ನು ತಮ್ಮ ಸುತ್ತಲಿನ ಕಬ್ಬಿಣಕ್ಕೆ ತೋರಿಸಿದಳು. ಉರಿ ಆರಿಸಿ, ಸುತ್ತಿಗೆಯಿಂದ ತಲೆಯ ಮೇಲೆ ಮೆಲ್ಲಗೆ ಟಕಟಕ ಬಡಿದಳು. ತಣ್ಣಗಾಗುವವರೆಗೆ ಕಾದು ತುಕ್ಕು ಬಿಡಿಸುವ ಎಣ್ಣೆ ಬಿಟ್ಟಳು. ಮತ್ತೆ ಒರೆಸಿ, ಮತ್ತೆ ಬಿಸಿ. "ಬಿಸಿ ಕೊಡೋದು, ತಟ್ಟೋದು, ಸುಮ್ನೆ ಬಿಡೋದು. ನಾನು ದಿನಾ ಮಾಡೋದೂ ಇದೇ" ಎಂದು ನನ್ನಾಕೆ ಹೆಮ್ಮೆಯಿಂದ ಹೇಳಿದಳು. "ನಿನ್ನ ನೋಡೇ ಕಲಿತಿದ್ದು ಅಮ್ಮ" ಎಂದಳು ಮಗಳು. ಕಾಯುವ ಹೊತ್ತಿನಲ್ಲಿ ಮೂವರೂ ಜಗಲಿಯಲ್ಲಿ, ಒಣಗುತ್ತಿದ್ದ ಸಂಪುಟಗಳ ಪಕ್ಕ ಕೂತು ಚಹ ಕುಡಿದೆವು. ಮೂರನೆಯ ಸಂಪುಟವನ್ನು ಅವಳು ಓದಿದ್ದಾಳಂತೆ. ನೂರ ತೊಂಬತ್ತನೆಯ ಪುಟದಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿದೆಯೆಂದಳು. ತೆಗೆದು ನೋಡಿದೆ. ಬಿಟ್ಟುಹೋಗಿತ್ತು. ಆ ಸಂಪುಟದ ಕರಡು ತಿದ್ದಿದವನು ನಾನೇ.

ಕೊನೆಗೆ ಉದ್ದ ಹಿಡಿಯ ಸ್ಪ್ಯಾನರ್ ತಂದು, ಅದರ ತುದಿಯಲ್ಲಿದ್ದ ಆರು ಮೂಲೆಯ ಬಟ್ಟಲಿನಂಥ ಸಾಕೆಟ್ಟನ್ನು ಸುತ್ತಿಗೆಯಿಂದ ಬಡಿದು ತಮ್ಮ ತಲೆಗೆ ಕೂರಿಸಿದಳು. ಅದು ಜಾರದಂತೆ ತನ್ನ ಎರಡೂ ಅಂಗೈಗಳಿಂದ ಒತ್ತಿ ಹಿಡಿದು, "ನೀನು ಎಳಿ ಅಪ್ಪಾ, ನನ್ನ ಕಡೆಗೆ" ಎಂದಳು.

ನನಗೆ ಕೈ ಬರಲಿಲ್ಲ. ಜಾರಿದರೆ ಹಿಡಿ ಬಡಿಯುವುದು ಅವಳ ಬೆರಳುಗಳಿಗೆ. ನನ್ನ ಗೆಣ್ಣುಗಳ ಗತಿ ನನ್ನ ಕಣ್ಣೆದುರಿಗೇ ಇತ್ತು. ಕೈಗವಸು ಹಾಕಿದ್ದಳು, ಆದರೆ ಆ ಬೆರಳುಗಳನ್ನು ನಾನು ಅವು ಒಂದಿಂಚೂ ಇರದಿದ್ದಾಗಿನಿಂದ ಬಲ್ಲೆ. ನೀನು ಎಳಿ, ನಾನು ಹಿಡಿಯುತ್ತೇನೆ ಎಂದೆ. "ಹಿಡಿಯೋದು ನಂಗೆ ಗೊತ್ತು. ನೀನು ಜೋರಾಗಿ ಬೇಡ, ಒಂದೇ ಸಮ ಎಳಿ. ಏನೂ ಆಗಲ್ಲ." ಎಳೆದೆ. ಇನ್ನೂ ಸ್ವಲ್ಪ ಎಂದಳು. ಎಳೆದೆ. ಟಕ್ ಎಂದು ಬಂದೂಕು ಹಾರಿದಂತೆ ಸದ್ದಾಯಿತು.

ಇಬ್ಬರೂ ಉಸಿರು ಹಿಡಿದೆವು. ತಮ್ಮ ಕತ್ತು ಮುರಿದು, ಅರ್ಧ ಒಳಗೇ ಉಳಿದಿದ್ದರೆ ಇಡೀ ಭಾಗವನ್ನೇ ಬದಲಿಸಬೇಕಾಗುತ್ತಿತ್ತು. ಅವಳು ಮೆಲ್ಲಗೆ ಸಾಕೆಟ್ ತೆಗೆದು ಬಗ್ಗಿ ನೋಡಿದಳು. ತಮ್ಮ ತಲೆಯಡಿಯಿಂದ ಕೆಂಪು ಪುಡಿಯ ಒಂದು ಗೆರೆ ಉದುರಿತು. "ಬಂತು" ಎಂದಳು, ಬಹಳ ಮೆಲ್ಲಗೆ. ಆಮೇಲೆ ಒಂದೇ ಸಮ ಬಿಚ್ಚಲು ಹೊರಟ ನನ್ನ ಕೈ ತಡೆದು, ಸ್ವಲ್ಪ ಮುಂದಕ್ಕೆ, ಸ್ವಲ್ಪ ಹಿಂದಕ್ಕೆ, ಮತ್ತೆ ಮುಂದಕ್ಕೆ, ಹೀಗೆ ಸತಾಯಿಸಿ ಸತಾಯಿಸಿ ಅರ್ಧ ಗಂಟೆಯಲ್ಲಿ ತಮ್ಮನ್ನು ಹೊರಗೆ ತಂದಳು. ಮೇಲಿನ ಬೋಲ್ಟು, ತಮ್ಮ ಅಣ್ಣನವರು, ಎರಡೇ ಎಳೆತಕ್ಕೆ ಬಂದರು. ತಮ್ಮ ಮನೆತನದಲ್ಲಿ ಎಲ್ಲರೂ ತಮ್ಮಷ್ಟು ತತ್ವನಿಷ್ಠರಲ್ಲವೆಂದು ತಿಳಿಸಲು ವಿಷಾದಿಸುತ್ತೇನೆ.

ಮಧ್ಯಾಹ್ನಕ್ಕೆ ಹೊಸ ತಟ್ಟೆ, ಹೊಸ ಬೋಲ್ಟುಗಳು ಕೂತವು. ಹೊಸಬರನ್ನು ಬಿಗಿಯುವ ಕೆಲಸ ನನಗೇ ಕೊಟ್ಟಳು. "ಅದು ನಿಂಗೆ ಚೆನ್ನಾಗಿ ಬರತ್ತೆ" ಎಂಬ ಮಾತನ್ನು ನಾನು ಮನಸ್ಸಿಗೆ ಹಚ್ಚಿಕೊಂಡಿಲ್ಲ. ಊಟಕ್ಕೆ ಕೂರುವ ಮುಂಚೆ ಅವಳು ಕೈ ತೊಳೆದಳು, ತೊಳೆದಳು, ತೊಳೆಯುತ್ತಲೇ ಇದ್ದಳು. ಸೋಪು, ಬ್ರಷ್ಷು, ಮತ್ತೆ ಸೋಪು. ಆ ಪುಸ್ತಕಗಳಲ್ಲಿ ಕಲೆ ಯಾಕಿರಲಿಲ್ಲವೆಂದು ಆಗ ತಿಳಿಯಿತು. ನಾನು ಹಿಂದೆ ಹೋಗಿ ನಿಂತು, ಸಾಕು ಬಾರೇ ಎಂದೆ. ನನ್ನ ಕೈಯನ್ನೂ ನೋಡಿಕೊಂಡೆ, ಮೊಣಕೈವರೆಗೆ ಕಪ್ಪು. ತೊಳೆಯಲು ಅವಳೇ ಕಲಿಸಿದಳು. ಆ ದಿನದ ನನ್ನ ಮಾತು ತಪ್ಪಾಗಿತ್ತು ಎಂದು ನಲ್ಲಿಯ ಸದ್ದಿನ ನಡುವೆ ಹೇಳಿದೆ. ಕೇಳಿಸಿತೋ ಇಲ್ಲವೋ, "ಉಗುರಿನ ಒಳಗೆ ಉಜ್ಜು" ಎಂದಳು.

ಇಷ್ಟಾದ ಮೇಲೆ ತಮ್ಮ ಮೇಲಿನ ನನ್ನ ದೂರನ್ನು ಹೇಗೆ ಬರೆಯಬೇಕೆಂದು ತೋಚದಾಗಿದೆ. ತಾವು ಮೊದಲ ದಿನವೇ ಸಲೀಸಾಗಿ ಬಂದುಬಿಟ್ಟಿದ್ದರೆ ನನ್ನ ಗೆಣ್ಣುಗಳು, ನನ್ನಾಕೆಯ ಮಂಡಿ, ಆ ಮುದುಕರ ಆರು ಹೆಜ್ಜೆಗಳು ಉಳಿಯುತ್ತಿದ್ದವು. ನಾನು ಪೋಸ್ಟ್‌ಮಾಸ್ಟರರ ಮುಂದೆ ಮೀಸೆ ತಿರುವುತ್ತಿದ್ದೆ, ಮತ್ತೆ ಹದಿನಾಲ್ಕು ತಿಂಗಳು ಬುಧವಾರಗಳನ್ನು ಎಣಿಸುತ್ತಿದ್ದೆ. ಆದ್ದರಿಂದ ದೂರಿನ ಬದಲು ಕೆಲವು ಕೋರಿಕೆಗಳನ್ನಷ್ಟೇ ಸಲ್ಲಿಸುತ್ತೇನೆ. ಮುಟ್ಟಿದರೆ ಕೈಗೆ ಬರುವ ನಮ್ಮ ಅಡುಗೆಮನೆಯ ಕಪಾಟಿನ ಹಿಡಿಗೂ, ಗಾಳಿ ಬಂದರೆ ಬಿದ್ದುಹೋಗುವ ಗೇಟಿನ ಚಿಲಕಕ್ಕೂ, ವಾರಕ್ಕೊಮ್ಮೆ ಅಭಿಪ್ರಾಯ ಬದಲಿಸುವ ನಮ್ಮ ಮುದ್ರಣಾಲಯದ ಯಜಮಾನರಿಗೂ ತಾವು ದಯವಿಟ್ಟು ಒಂದು ತಿಂಗಳು ತರಬೇತಿ ಕೊಡಬೇಕು. ಬಲಚಕ್ರದಲ್ಲಿರುವ ತಮ್ಮ ದಾಯಾದಿಗಳು ಎಂದಾದರೂ ಹಿಡಿದುಕೊಳ್ಳುವ ಮನಸ್ಸು ಮಾಡಿದರೆ, ಅದು ಭಾನುವಾರವೇ ಆಗುವಂತೆ, ನನ್ನಾಕೆಗೆ ರೋಗಿಗಳಿಲ್ಲದ ದಿನವೇ ಆಗುವಂತೆ ಅವರಿಗೊಂದು ಮಾತು ಹೇಳಬೇಕು.

ಸೋಮವಾರ, ಕೊನೆಯದಾಗಿ ಬ್ರೇಕು ಪರೀಕ್ಷೆ ಆಗಬೇಕೆಂದು ಮಗಳು ಹೇಳಿದ್ದರಿಂದ ಕಾರನ್ನು ಮೊದಲ ಬಾರಿ ಆ ಗ್ಯಾರೇಜಿಗೆ ಒಯ್ದೆ. ಒಳಗೆ ಒಂದು ವ್ಯಾನಿನಡಿಯಿಂದ ಪರಿಚಯದ ಎರಡು ಬೂಟುಗಳು ಕಾಣುತ್ತಿದ್ದವು. ಕರೆಯಲಿಲ್ಲ. ದೊಡ್ಡಕ್ಕ, ಕತ್ತಿಗೆ ಕನ್ನಡಕ ತೂಗುಹಾಕಿಕೊಂಡ ಭಾರಿ ಆಳಿನ ಹೆಂಗಸು, ಪರೀಕ್ಷೆ ಮುಗಿಸಿ ಸಹಿಗೆಂದು ಒಂದು ಚೀಟಿ ಮುಂದಿಟ್ಟರು. ಗಾಡಿಯ ವಿವರ, ದೂರು, ಮಾಡಿದ ಕೆಲಸ, ಎಲ್ಲ ಮಗಳ ದುಂಡು ಅಕ್ಷರದಲ್ಲಿತ್ತು. ಮಾಲೀಕರ ಹೆಸರು ಎಂಬಲ್ಲಿ "ಅಪ್ಪ" ಎಂದಷ್ಟೇ ಬರೆದಿದ್ದಳು.

"ನೋಡಿ ಸಾರ್, ಹೆಸರು ಬರಿ ಅಂದ್ರೆ ಇದು ಬರ್ದಿದ್ದಾಳೆ. ಇಲ್ಲಿಗೆ ಬರೋ ಅಪ್ಪಂದಿರು ಒಬ್ರಾ ಇಬ್ರಾ? ನೀವು ಇದೇ ಕೆಲಸದವರಂತೆ, ಸ್ವಲ್ಪ ತಿದ್ದಿಕೊಡಿ" ಎಂದು ದೊಡ್ಡಕ್ಕ ಕೆಂಪು ಪೆನ್ನನ್ನೇ ಕೊಟ್ಟರು.

ಚೀಟಿಯನ್ನು ಎರಡು ಸಲ ಓದಿದೆ. ಏನೂ ತಿದ್ದುವಂಥದ್ದಿರಲಿಲ್ಲ. ಸಹಿ ಹಾಕಿ ಕೊಟ್ಟೆ.

ತಮ್ಮ ಬಿಗಿತನಕ್ಕೆ ಸದಾ ಋಣಿಯಾದ,
ತಮ್ಮ ವಿಶ್ವಾಸಿ,
ಎರಡು ದಿನ ತಮ್ಮನ್ನು ಉಲ್ಟಾ ತಿರುಗಿಸಿದವನು

ಮರೆತ ಮಾತು: ನಿವೃತ್ತಿಯ ನಂತರ ತಮಗೆ ನನ್ನ ಮೇಜಿನ ಮೇಲೆ, ಕರಡು ಹಾಳೆಗಳು ಹಾರದಂತೆ ಒತ್ತಿ ಹಿಡಿಯುವ ಹುದ್ದೆ ಕೊಟ್ಟಿರುವುದು ಸರಿಯಷ್ಟೆ. ತಾವು ಅಲ್ಲಿಯೂ ತುಕ್ಕು ಕಾರುವುದನ್ನು ಬಿಟ್ಟಿಲ್ಲ. ನಿನ್ನೆ ತಮ್ಮ ಕೆಂಪು ಕಲೆಯನ್ನು ನನ್ನ ತಿದ್ದುಪಡಿ ಎಂದು ತಿಳಿದ ಲೇಖಕರೊಬ್ಬರು ಇಡೀ ಒಂದು ಅಧ್ಯಾಯವನ್ನೇ ತೆಗೆದುಹಾಕಿದ್ದಾರೆ. ಪುಸ್ತಕ ಬಹಳ ಸುಧಾರಿಸಿದೆ. ಯಜಮಾನರು ತಮ್ಮನ್ನು ಕಾಯಂ ಮಾಡುವ ಯೋಚನೆಯಲ್ಲಿದ್ದಾರೆ. ಆ ಪಕ್ಷದಲ್ಲಿ ನನಗೆ ದೊಡ್ಡಕ್ಕನ ಬಳಿ ಏನಾದರೂ ಕೆ‌ಲಸವಿದೆಯೇ ಎಂದು ಕೇಳಬೇಕಾದೀತು, ಬಿಚ್ಚುವುದನ್ನು ಬಿಟ್ಟು.